ನೆರವು ಹೊತ್ತ ಹಾಯಿಹಡಗಿಗೆ ಸ್ವಯಂಸೇವಕರಾಗಿ ಸೇರುವುದು ಹೇಗೆ?

ವಿಮಾನ ಇಳಿಯದ, ದೊಡ್ಡ ಹಡಗು ದಡ ಮುಟ್ಟದ ದ್ವೀಪಗಳಿಗೆ ಔಷಧಿ ಮತ್ತು ಶಾಲಾ ಸಾಮಗ್ರಿಗಳನ್ನು ತಲುಪಿಸುವ ಕೆಲಸವನ್ನು ಕೆಲವು ಹಾಯಿಹಡಗುಗಳು ಮಾಡುತ್ತ ಬಂದಿವೆ. 1892ರಲ್ಲಿ ನಾರ್ವೆಯಲ್ಲಿ ಕಟ್ಟಿದ ‘ವೇಗಾ’ ಎಂಬ ಮರದ ಹಡಗು 2004ರ ಸುನಾಮಿಯ ನಂತರ ಈ ಸೇವೆಗೆ ಇಳಿದು, ಪೂರ್ವ ಇಂಡೋನೇಷ್ಯಾ ಮತ್ತು ಪೂರ್ವ ತಿಮೋರ್‌ನ ದೂರದ ಊರುಗಳಿಗೆ ಸಾಮಗ್ರಿ ಹೊತ್ತೊಯ್ದಿದೆ. ಇಂತಹ ಹಡಗುಗಳಲ್ಲಿ ಕಾಯಂ ಸಿಬ್ಬಂದಿ ಬೆರಳೆಣಿಕೆಯಷ್ಟೇ ಇರುತ್ತಾರೆ, ಉಳಿದ ಕೈಗಳೆಲ್ಲ ಸ್ವಯಂಸೇವಕರದು. ವಾಸ್ಕೊ, ಮಡಗಾಂವ್, ಪಣಜಿಗಳಲ್ಲಿ ನೆಲೆಸಿ ದಿನವೂ ಕಡಲು ನೋಡುವ ಕನ್ನಡಿಗರು ಆ ಕೈಗಳಲ್ಲಿ ಒಂದಾಗಬೇಕೆಂದು ಬಯಸಿದರೆ ಹೇಗೆ ತಯಾರಾಗಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾನಕ್ಕಿಂತ ಮೊದಲು ರಿಪೇರಿ

ಹೆಚ್ಚಿನವರು ನೇರವಾಗಿ ಸಮುದ್ರಯಾನಕ್ಕೆ ಅರ್ಜಿ ಹಾಕುತ್ತಾರೆ. ನನ್ನ ಸಲಹೆ ಬೇರೆ: ಮೊದಲು ಹಡಗನ್ನು ದಡಕ್ಕೆ ಎಳೆದು ದುರಸ್ತಿ ಮಾಡುವ ಹಂಗಾಮಿಗೆ ಹೋಗಿ. ಯಾನದಲ್ಲಿ ಇರುವ ಹಾಸಿಗೆಗಳು ಕೆಲವೇ, ಕೇಳುವವರು ಬಹಳ. ದುರಸ್ತಿಗೆ ಬರುವವರು ಕಡಿಮೆ, ಕೆಲಸ ಬೆಟ್ಟದಷ್ಟು. ಧೂಳು, ಬಿಸಿಲು, ಬಣ್ಣದ ವಾಸನೆಗಳ ನಡುವೆ ತಕರಾರಿಲ್ಲದೆ ದುಡಿದವರನ್ನು ಕಪ್ತಾನ ಮರೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಡಗಿನ ಒಡಲಿನಲ್ಲಿ ನೀರು ಒಳಬರುವ ಕೊಳವೆಗಳು ಎಲ್ಲೆಲ್ಲಿವೆ, ಪಂಪು ಯಾವ ಮೂಲೆಯಲ್ಲಿದೆ ಎಂಬುದನ್ನು ದಡದಲ್ಲಿರುವಾಗಲೇ ಕಣ್ಣಾರೆ ಕಂಡವರು ನಡುರಾತ್ರಿ ಅಲೆಯಲ್ಲಿ ಏನಾದರೂ ಕೆಟ್ಟಾಗ ಗಾಬರಿಯಾಗದೆ ಅಲ್ಲಿಗೇ ಕೈಹಾಕಬಲ್ಲರು.

ಇದಕ್ಕೆ ನಾವಿಕರೇ ಆಗಿರಬೇಕೆಂದಿಲ್ಲ. ಬಡಗಿ, ವೆಲ್ಡರ್, ಎಲೆಕ್ಟ್ರೀಷಿಯನ್, ಡೀಸೆಲ್ ಮೆಕ್ಯಾನಿಕ್, ಪೇಂಟರ್, ಹಾಯಿಯ ಹೊಲಿಗೆ ಬಿಚ್ಚಿದಾಗ ಮತ್ತೆ ಹೊಲಿಯಬಲ್ಲ ದರ್ಜಿ – ಉತ್ತರ ಕರ್ನಾಟಕದಿಂದ ಬಂದು ಗೋವಾದಲ್ಲಿ ದುಡಿಯುತ್ತಿರುವ ನಮ್ಮವರಲ್ಲಿ ಈ ಕಸುಬುಗಳೆಲ್ಲ ಇವೆ. ಅರ್ಜಿಯಲ್ಲಿ ಪದವಿಗಿಂತ ಮೊದಲು ಕೈಗೆ ಬರುವ ಕೆಲಸವನ್ನು ಬರೆಯಿರಿ.

ಮರದ ಹಡಗಿನ ದುರಸ್ತಿಯಲ್ಲಿ ಕಲಿಯಲೇಬೇಕಾದ ಕೆಲಸವೆಂದರೆ ಹಲಗೆಗಳ ಸಂದಿ ತುಂಬುವುದು. ಸಂದಿಯಲ್ಲಿ ಕೊಳೆತಿರುವ ಹಳೆಯ ಎಳೆಯನ್ನು ಕೊಕ್ಕೆಯಿಂದ ಕಿತ್ತು ತೆಗೆದು, ಹೊಸ ಹತ್ತಿಯ ಎಳೆಯನ್ನು ಸಣ್ಣ ಸಣ್ಣ ಕುಣಿಕೆಗಳಾಗಿ ಮಡಿಸಿ ಇಟ್ಟು, ಚಪ್ಪಟೆ ಉಳಿಯನ್ನು ಅದರ ಮೇಲೆ ಹಿಡಿದು ಮರದ ಕೊಡತಿಯಿಂದ ಹೊಡೆಯುತ್ತ ಹೋಗಬೇಕು. ನಂತರ ಮೇಲೆ ಪುಟ್ಟಿಯನ್ನೋ ರಾಳವನ್ನೋ ಮೆತ್ತುತ್ತಾರೆ. ಎಳೆ ಸಡಿಲವಾದರೆ ನೀರು ಒಸರುತ್ತದೆ. ವಿಪರೀತ ಬಿಗಿಯಾದರೆ, ಹಡಗು ನೀರಿಗಿಳಿದು ಹಲಗೆಗಳು ಉಬ್ಬಿದಾಗ ಅವು ಒಂದನ್ನೊಂದು ಒತ್ತಿ, ಒಳಗಿನ ಚೌಕಟ್ಟಿನ ಜೋಡಣೆಗೇ ಪೆಟ್ಟು ಬೀಳುತ್ತದೆ. ಎಳೆ ಸರಿಯಾಗಿ ಕೂತಾಗ ಕೊಡತಿಯ ಸದ್ದು ಬದಲಾಗುತ್ತದೆ, ಅದನ್ನು ಕಿವಿಗೆ ಹಿಡಿಸಿಕೊಳ್ಳಲು ಅನುಭವಿಗಳ ಪಕ್ಕ ಕೂತು ಹೊಡೆಯುವುದೊಂದೇ ದಾರಿ.

ತಳದ ಬಣ್ಣ ಕೆರೆಯುವಾಗ ಒಳ್ಳೆಯ ಮಾಸ್ಕ್, ಕನ್ನಡಕ, ಕೈಗವಸು ಬೇಕೇ ಬೇಕು. ಪಾಚಿ ಮತ್ತು ಚಿಪ್ಪುಜೀವಿಗಳು ಅಂಟದಂತೆ ಬಳಿಯುವ ಆ ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರದ ಸಂಯುಕ್ತಗಳಿದ್ದು, ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ.

ಗೋವಾದಲ್ಲೇ ಕಲಿಯಬಹುದಾದದ್ದು

ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ ಗೋವಾದಲ್ಲಿ ಮಾಂಡೋವಿಯಾಗಿ ಬಳಸಿ ಹರಿಯುವ ದಿವಾರ್ ದ್ವೀಪದಲ್ಲಿಯೇ ನೌಕಾಪಡೆಯ ‘ಮ್ಹಾದೇಯಿ’ ಮತ್ತು ‘ತಾರಿಣಿ’ ಹಾಯಿನೌಕೆಗಳು ಸಿದ್ಧಗೊಂಡವು. ತಾರಿಣಿಯಲ್ಲಿ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್‌ನಲ್ಲಿ ಗೋವಾದಿಂದ ಹೊರಟು 2018ರ ಮೇ ತಿಂಗಳಲ್ಲಿ ಭೂಪ್ರದಕ್ಷಿಣೆ ಮುಗಿಸಿ ಮರಳಿದರು. ಮೊಳೆಯ ಬದಲು ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದ ‘ಕೌಂಡಿನ್ಯ’ವೂ ಗೋವಾದಲ್ಲೇ ಕಟ್ಟಿದ್ದು, 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಹಾಯಿ ಮತ್ತು ಮರದ ವಿದ್ಯೆ ಇಷ್ಟು ಹತ್ತಿರದಲ್ಲಿ ಜೀವಂತವಾಗಿರುವಾಗ ಅದನ್ನು ಹೋಗಿ ನೋಡದೆ ಇರಬಾರದು.

ಮೊದಲು ಈಜು. ಆಮೇಲೆ ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯತೆಯುಳ್ಳ ಕ್ಲಬ್ಬಿನಲ್ಲಿ ಸಣ್ಣ ಹಾಯಿದೋಣಿ ನಡೆಸುವುದನ್ನು ಕಲಿಯಿರಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು ಕೆನ್ನೆಗೇ ತಿಳಿಯುವಷ್ಟು ಅಭ್ಯಾಸ ಅಲ್ಲಿ ಆಗುತ್ತದೆ. ಜೀವರಕ್ಷಣೆಯ ತರಬೇತಿಗೆ ಪಣಜಿ ಸಮೀಪದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ವಿಚಾರಿಸಬಹುದು. ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದವಾದ ಎಸ್‌ಟಿಸಿಡಬ್ಲ್ಯು ಪ್ರಕಾರದ ಮೂಲ ಸುರಕ್ಷತಾ ತರಬೇತಿಯನ್ನು – ಅಂದರೆ ನೀರಿನಲ್ಲಿ ಬದುಕುಳಿಯುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನ ಮೇಲಿನ ಸುರಕ್ಷತೆ – ಎಲ್ಲ ಹಾಯಿಹಡಗುಗಳೂ ಕೇಳುವುದಿಲ್ಲವಾದರೂ, ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಅದನ್ನು ಮುಗಿಸಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಹಡಗನ್ನೂ ಪರೀಕ್ಷಿಸಿ

ಹಡಗು ನಿಮ್ಮನ್ನು ಆರಿಸುವಂತೆ ನೀವೂ ಹಡಗನ್ನು ಆರಿಸಬೇಕು. ಅದು ಯಾವ ದೇಶದಲ್ಲಿ ನೋಂದಣಿಯಾಗಿದೆ, ಕಪ್ತಾನನ ಅರ್ಹತಾ ಪತ್ರ ಯಾವುದು, ಸಿಬ್ಬಂದಿಗೆ ವಿಮೆ ಇದೆಯೇ, ಜೀವರಕ್ಷಕ ತೆಪ್ಪವನ್ನು ಕೊನೆಯ ಬಾರಿ ಯಾವಾಗ ತಪಾಸಣೆ ಮಾಡಿಸಲಾಯಿತು, ಅಪಾಯದ ಸಂಕೇತ ಕಳುಹಿಸುವ ಇಪಿಐಆರ್‌ಬಿ ಸಾಧನ ನೋಂದಣಿಯಾಗಿದೆಯೇ ಎಂದು ಪತ್ರ ಬರೆದು ಕೇಳಿ. ಒಳ್ಳೆಯ ಕಪ್ತಾನ ಇದರಿಂದ ಬೇಸರಪಡುವುದಿಲ್ಲ, ಉತ್ತರ ಕೊಡಲು ಹಿಂದೇಟು ಹಾಕುವ ಹಡಗನ್ನು ಬಿಟ್ಟುಬಿಡಿ. ಹಿಂದೆ ಆ ಹಡಗಿನಲ್ಲಿ ಕೆಲಸ ಮಾಡಿದ ಇಬ್ಬರೊಂದಿಗಾದರೂ ಮಾತನಾಡಿ. ಮಹಿಳೆಯರು ಮಲಗುವ ವ್ಯವಸ್ಥೆ ಮತ್ತು ದೂರು ಕೇಳುವವರು ಯಾರು ಎಂಬುದನ್ನು ಮುಂಚೆಯೇ ಸ್ಪಷ್ಟಪಡಿಸಿಕೊಳ್ಳುವುದು ಒಳಿತು.

ಹಣದ ವಿಚಾರ. ಇದು ಸಂಬಳದ ಕೆಲಸವಲ್ಲ. ವಿಮಾನದ ಟಿಕೆಟ್, ವೀಸಾ, ಲಸಿಕೆ, ವೈದ್ಯಕೀಯ ವಿಮೆಗಳ ಖರ್ಚು ಸಾಮಾನ್ಯವಾಗಿ ನಿಮ್ಮದೇ, ಎಷ್ಟೋ ಕಡೆ ಊಟದ ಪಾಲನ್ನೂ ಕೊಡಬೇಕಾಗುತ್ತದೆ. ಆದರೆ ಆ ಹಣವೆಲ್ಲ ಹಡಗನ್ನು ನಡೆಸುವ ಸಂಸ್ಥೆಗೆ ರಸೀದಿ ಸಮೇತ ಹೋಗಬೇಕು. ‘ಹಡಗಿನಲ್ಲಿ ಕೆಲಸ ಕೊಡಿಸುತ್ತೇನೆ’ ಎಂದು ಮುಂಗಡ ಕೇಳುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕಾಗದಪತ್ರ, ಆರೋಗ್ಯ

ಪಾಸ್‌ಪೋರ್ಟಿನ ಅವಧಿ ಯಾನ ಮುಗಿದ ಮೇಲೂ ಆರು ತಿಂಗಳಾದರೂ ಉಳಿದಿರಲಿ. ಹಡಗಿನಲ್ಲಿ ಬಂದಿಳಿಯುವವರ ವೀಸಾ ನಿಯಮ ವಿಮಾನದಲ್ಲಿ ಬರುವವರ ನಿಯಮಕ್ಕಿಂತ ಬೇರೆ ಇರಬಹುದಾದ್ದರಿಂದ ಆಯಾ ದೇಶದ ರಾಯಭಾರ ಕಚೇರಿಯಲ್ಲೇ ಕೇಳಬೇಕು. ಹಳದಿ ಜ್ವರ ಇರುವ ದೇಶಗಳಿಗೆ ಹೋಗುವುದಾದರೆ ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲೇ ಲಸಿಕೆ ಪಡೆಯಬೇಕು. ಪ್ರಮಾಣಪತ್ರ ಲಸಿಕೆಯ 10 ದಿನಗಳ ನಂತರ ಜಾರಿಗೆ ಬಂದು ಜೀವನಪೂರ್ತಿ ನಡೆಯುತ್ತದೆ. ಹೊರಡುವ ಮುನ್ನ ಹಲ್ಲಿನ ವೈದ್ಯರನ್ನು ಕಾಣಿರಿ, ನಡುಗಡಲಿನಲ್ಲಿ ಹಲ್ಲುನೋವು ಬಂದರೆ ಸಹಿಸುವುದೊಂದೇ ದಾರಿಯಾಗುತ್ತದೆ.

ಸರಕು ಮತ್ತು ಪಾಳಿ

ನೆರವಿನ ಸರಕನ್ನು ಆರಿಸುವಾಗ ಒಳ್ಳೆಯ ಮನಸ್ಸೊಂದೇ ಸಾಲದು. ದಾನದ ಔಷಧಿಗೆ, ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷದ ಅವಧಿ ಬಾಕಿ ಇರಬೇಕು, ರೋಗಿಗಳಿಗೆ ಕೊಟ್ಟು ಮರಳಿ ಬಂದ ಔಷಧಿಯನ್ನು ದಾನ ಮಾಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಹಾಗಾಗಿ ನೆರೆಹೊರೆಯಿಂದ ಅರ್ಧ ಬಳಸಿದ ಮಾತ್ರೆ ಪಟ್ಟಿಗಳನ್ನು ಒಟ್ಟುಮಾಡಿಕೊಂಡು ಹೋಗಬೇಡಿ. ಏನು ಬೇಕೆಂದು ಆ ದ್ವೀಪದ ದಾದಿ, ಶಿಕ್ಷಕರು ಹೇಳಿ ಕಳುಹಿಸಿದ ಪಟ್ಟಿಯೇ ಅಂತಿಮ. ಭಾರದ ಪೆಟ್ಟಿಗೆಗಳನ್ನು ಹಡಗಿನ ತಳದಲ್ಲಿ, ನಡುಭಾಗಕ್ಕೆ ಹತ್ತಿರದಲ್ಲಿಟ್ಟು, ಓಲಾಟಕ್ಕೆ ಜರುಗದಂತೆ ಬಿಗಿದು ಕಟ್ಟಬೇಕು. ಕಸ್ಟಮ್ಸ್‌ಗಾಗಿ ಪ್ರತಿ ಪೆಟ್ಟಿಗೆಯ ಒಳಗೇನಿದೆ ಎಂಬ ಪಟ್ಟಿ ಸಿದ್ಧವಿರಬೇಕು.

ಯಾನ ಶುರುವಾದ ಮೇಲೆ ದಿನವು ಪಾಳಿಗಳಲ್ಲಿ ಉರುಳುತ್ತದೆ. ಸಾಮಾನ್ಯ ಕ್ರಮವೆಂದರೆ ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು. ಪಾಳಿಯಲ್ಲಿರುವವರು ಚುಕ್ಕಾಣಿ ಹಿಡಿಯಬೇಕು, ಬೇರೆ ಹಡಗುಗಳ ದೀಪ ಗಮನಿಸಬೇಕು, ಗಂಟೆಗೊಮ್ಮೆ ಗಾಳಿ, ದಿಕ್ಕು, ಸ್ಥಾನ, ವಾಯುಭಾರಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು, ತಳದಲ್ಲಿ ನೀರು ಎಷ್ಟಿದೆ ಎಂದು ಇಳಿದು ನೋಡಬೇಕು. ರಾತ್ರಿ ಡೆಕ್ಕಿನ ಮೇಲೆ ಹೋಗುವಾಗ ಮೈಗೆ ತೊಟ್ಟ ಸುರಕ್ಷತಾ ಪಟ್ಟಿಯ ಕೊಂಡಿಯನ್ನು ಡೆಕ್ಕಿನ ಉದ್ದಕ್ಕೂ ಬಿಗಿದ ಸುರಕ್ಷತಾ ಹಗ್ಗಕ್ಕೆ ಸಿಕ್ಕಿಸದೆ ಒಂದು ಹೆಜ್ಜೆಯನ್ನೂ ಇಡಕೂಡದು. ಮೊದಲ ಎರಡು ಮೂರು ದಿನ ವಾಕರಿಕೆ ಕಾಡುವುದು ಸಹಜ. ಅದರ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಹೊರಡುವ ಮೊದಲೇ ತೆಗೆದುಕೊಂಡರೆ ಹೆಚ್ಚು ಫಲ. ಅಡುಗೆ ಬಲ್ಲವರು ಒಂದು ಪ್ರೆಷರ್ ಕುಕ್ಕರ್ ಒಯ್ಯಲು ಕಪ್ತಾನನ ಒಪ್ಪಿಗೆ ಕೇಳಿ: ಹಡಗು ವಾಲಿದರೂ ಅನ್ನ ಚೆಲ್ಲುವುದಿಲ್ಲ, ಗ್ಯಾಸೂ ಉಳಿಯುತ್ತದೆ.

ಇಳಿಯುವ ಬಂದರಿನಲ್ಲಿ ವಲಸೆ ಅಧಿಕಾರಿಗಳ ಮುಂದೆ ಹಡಗಿನ ಸಿಬ್ಬಂದಿ ಪಟ್ಟಿಯಿಂದ ನಿಮ್ಮ ಹೆಸರನ್ನು ಅಧಿಕೃತವಾಗಿ ತೆಗೆಸಿಕೊಳ್ಳಬೇಕು. ಊರಿಗೆ ಮರಳುವ ಟಿಕೆಟ್ ಆಗ ಕೈಯಲ್ಲಿರಬೇಕಾಗುತ್ತದೆ. ಜೊತೆಗೆ, ಎಷ್ಟು ದಿನ, ಎಷ್ಟು ನಾಟಿಕಲ್ ಮೈಲಿ, ಯಾವ ಜವಾಬ್ದಾರಿಯಲ್ಲಿ ಸಾಗಿದಿರಿ ಎಂಬುದಕ್ಕೆ ಕಪ್ತಾನನ ಸಹಿಯುಳ್ಳ ಪತ್ರವನ್ನು ಹಡಗು ಬಿಡುವ ಮೊದಲೇ ಪಡೆಯಿರಿ. ಮುಂದಿನ ಹಡಗಿಗೆ ಅರ್ಜಿ ಹಾಕುವಾಗ ಮೊದಲು ಕೇಳುವುದು ಅದನ್ನೇ.