ಸಂಘದ ಸದಸ್ಯರ ಮಾತು ಕೇಳುವುದು ಹೇಗೆ? ದಾವಣಗೆರೆಯಲ್ಲಿ ನಾವು ಕಲಿತದ್ದು

ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಕಟ್ಟಡದ ಕೆಲಸಗಾರರ ಪರವಾಗಿ ನಮ್ಮ ಕಟ್ಟಡ ಕಾರ್ಮಿಕರ ಸಂಘ ಬೇಡಿಕೆ ಪಟ್ಟಿ ಬರೆಯಿತು. ಆಫೀಸಿನಲ್ಲಿ ಕೂತು ಬರೆದವರು ನಾವು ಐದು ಜನ ಪದಾಧಿಕಾರಿಗಳು. ಕೂಲಿ ಹೆಚ್ಚಿಸಿ ಅನ್ನುವುದು ಮೊದಲನೆಯದು. ಮೂರು ತಿಂಗಳು ಅದರ ಹಿಂದೆಯೇ ಓಡಾಡಿದೆವು. ಸಭೆ ಕರೆದರೆ ಹೆಂಗಸರು ಬರುತ್ತಲೇ ಇರಲಿಲ್ಲ, ಅವರಿಗೆ ಸಂಘದ ಬಗ್ಗೆ ಆಸಕ್ತಿ ಇಲ್ಲ ಅಂದುಕೊಂಡೆವು. ಒಂದು ದಿನ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನಾನು ಅಲ್ಲೇ ಇದ್ದೆ. ಬಾಂಡ್ಲಿ ಹೊರುವ ಒಬ್ಬ ಅಕ್ಕ ಪಕ್ಕದಲ್ಲಿ ಕೂತವರಿಗೆ ಹೇಳುತ್ತಿದ್ದರು: ಶನಿವಾರ ಬಟವಾಡೆ ಆಗುವುದೇ ರಾತ್ರಿ ಎಂಟಕ್ಕೆ, ಅಷ್ಟೊತ್ತಿಗೆ ಊರಿನ ಕೊನೆ ಬಸ್ ಹೋಗಿರುತ್ತದೆ, ಆಟೋಗೆ ಕೊಟ್ಟು ಮನೆ ಮುಟ್ಟಿದರೆ ಅರ್ಧ ದಿನದ ಕೂಲಿ ಅಲ್ಲೇ ಹೋಯಿತು ಅಂತ.

ನನಗೆ ಹೇಳಿದ ಮಾತಲ್ಲ ಅದು. ಸುಮ್ನೆ ಕಿವಿಗೆ ಬಿದ್ದದ್ದು. ಅವತ್ತೇ ಸಂಜೆ ಕಂಟ್ರಾಕ್ಟರ್ ಹತ್ತಿರ ಹೋಗಿ ಕೂತೆವು, ಮುಂದಿನ ಶನಿವಾರದಿಂದ ಬಟವಾಡೆ ಸಂಜೆ ನಾಲ್ಕಕ್ಕೆ ಬಂತು. ಅದರ ನಂತರದ ಸಭೆಗೆ ಹೆಂಗಸರು ಬಂದರು.

ಅಲ್ಲಿಂದ ನಾವು ಕೆಲಸ ಮಾಡುವ ರೀತಿಯನ್ನೇ ಬದಲಾಯಿಸಿಕೊಂಡೆವು. ಬೇರೆ ಸಂಘಗಳ ಗೆಳೆಯರು ಆಗಾಗ ಕೇಳುತ್ತಿರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಬೀಡಿ, ಹಮಾಲಿ, ಗಾರ್ಮೆಂಟ್ಸ್, ಅಂಗನವಾಡಿ, ಯಾವ ಸಂಘವಾದರೂ ಇದರಲ್ಲಿ ಸ್ವಲ್ಪವಾದರೂ ಉಪಯೋಗಕ್ಕೆ ಬರುತ್ತದೆ ಅನ್ನುವ ನಂಬಿಕೆ ನನ್ನದು.

ಮೊದಲು, ಜನ ಇರುವ ಕಡೆ ನೀವೇ ಹೋಗಿ

ನಮ್ಮ ಅಪ್ಪ ಹತ್ತಿ ಗಿರಣಿಯಲ್ಲಿದ್ದವರು. ಅವರ ಕಾಲದಲ್ಲಿ ಸೈರನ್ ಕೂಗಿದರೆ ನೂರಾರು ಜನ ಒಂದೇ ಗೇಟಿನಲ್ಲಿ ಹೊರಗೆ ಬರುತ್ತಿದ್ದರು. ಮುಖಂಡರು ಗೇಟಿನ ಮುಂದೆ ನಿಂತರೆ ಸಾಕು, ಪಾಳಿ ಮುಗಿಸಿದವರೂ ಪಾಳಿಗೆ ಬಂದವರೂ ಸಿಗುತ್ತಿದ್ದರು. ಕಮ್ಯುನಿಸ್ಟ್ ಪಕ್ಷದ (ಸಿಪಿಐ) ಪಂಪಾಪತಿ ಅವರನ್ನು ಶಾಸಕರಾಗಿ ಆರಿಸಿ ಕಳಿಸಿದ ಊರು ಇದು, ಆ ಬಲ ಗಿರಣಿ ಗೇಟುಗಳಲ್ಲಿ ಹುಟ್ಟಿದ್ದು. ಈಗ ಆ ಗಿರಣಿಗಳೂ ಇಲ್ಲ, ಒಂದೇ ಗೇಟೂ ಇಲ್ಲ. ಮಂಡಕ್ಕಿ ಭಟ್ಟಿಯವರು ಬೆಳಗಿನ ಜಾವವೇ ಒಲೆ ಮುಂದೆ ಇರುತ್ತಾರೆ, ಎಪಿಎಂಸಿ ಹಮಾಲರು ಲಾರಿ ಬಂದಾಗ ಓಡುತ್ತಾರೆ, ಬೀಡಿ ಕಟ್ಟುವ ಅಮ್ಮಂದಿರು ಮನೆ ಬಿಟ್ಟು ಹೊರಗೇ ಬರುವುದಿಲ್ಲ, ಗಾರೆಯವರು ಇವತ್ತು ಒಂದು ಬಡಾವಣೆ ನಾಳೆ ಇನ್ನೊಂದು. ಇವರನ್ನೆಲ್ಲ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಿಗೆ ಬನ್ನಿ ಅಂದರೆ ಯಾರು ಬರುತ್ತಾರೆ? ವಾರದ ಬಟ್ಟೆ ಒಗೆಯುವುದು, ಸಂತೆ ಮಾಡುವುದು ಎಲ್ಲಾ ಅವತ್ತೇ ಅಲ್ವಾ?

ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಸದಸ್ಯರ ಹೆಸರಿನ ಮುಂದೆ ಅವರ ಕೆಲಸ, ಕೇರಿ, ಮನೆಯಲ್ಲಿ ಆಡುವ ಭಾಷೆ, ದಿನದಲ್ಲಿ ಯಾವಾಗ ಹದಿನೈದು ನಿಮಿಷ ಬಿಡುವು ಇರುತ್ತದೆ, ಕೊಟ್ಟ ಫೋನ್ ನಂಬರ್ ಯಾರದು, ಇಷ್ಟು ಬರೆಯಿರಿ. ಕೊನೆಯದು ಬಹಳ ಮುಖ್ಯ. ನಮ್ಮ ಪಟ್ಟಿಯಲ್ಲಿದ್ದ ಹೆಂಗಸರ ನಂಬರುಗಳಲ್ಲಿ ಎಷ್ಟೋ ಗಂಡನದು ಇಲ್ಲಾ ಮಗನದು. ನಾವು ಕಳಿಸಿದ ಸುದ್ದಿ ಅವರಿಗೆ ತಲುಪುತ್ತಲೇ ಇರಲಿಲ್ಲ. ಭಾಷೆಯದೂ ಹಾಗೇ. ಹಳೇ ಊರಿನ ಬೀಡಿ ಕಟ್ಟುವವರ ಮನೆಗಳಲ್ಲಿ ಉರ್ದು, ತಾಂಡಾದಿಂದ ಬರುವವರಲ್ಲಿ ಲಂಬಾಣಿ, ಸೆಂಟ್ರಿಂಗ್ ಕೆಲಸಕ್ಕೆ ಬಂದಿರುವ ಉತ್ತರದ ಹುಡುಗರಲ್ಲಿ ಹಿಂದಿ. ಕನ್ನಡದಲ್ಲಿ "ಹೂಂ ಅಣ್ಣ" ಅಂದು ಮುಗಿಸುವ ಅಮ್ಮ ತನ್ನ ಭಾಷೆಯಲ್ಲಿ ಅರ್ಧ ಗಂಟೆ ಮಾತಾಡುತ್ತಾರೆ. ಆ ಭಾಷೆ ಬರುವ ಸದಸ್ಯರನ್ನೇ ಜೊತೆಗೆ ಕರೆದುಕೊಂಡು ಹೋಗಿ.

ಹೋಗುವಾಗ ಇಬ್ಬರೇ ಹೋಗಿ. ಒಬ್ಬರು ಮಾತಾಡಲಿ, ಒಬ್ಬರು ಬರೆಯಲಿ. ಐದಾರು ಜನ ಶಾಲು ಹಾಕಿಕೊಂಡು ಹೋದರೆ ಅದು ಮೆರವಣಿಗೆ ಆಗುತ್ತದೆ. ಅವರು ನೆಲದ ಮೇಲೆ ಕೂತಿದ್ದರೆ ನೀವೂ ಕೂರಿ. ಮೇಸ್ತ್ರಿ ಅಲ್ಲೇ ಸುತ್ತಾಡುತ್ತಿದ್ದರೆ ಕೆಲಸದ ವಿಷಯ ಎತ್ತಲೇಬೇಡಿ, ಸಂಜೆ ಮನೆ ಹತ್ತಿರ ಬರುತ್ತೇವೆ ಅಂತ ಹೇಳಿ ಎದ್ದು ಬನ್ನಿ.

ಇನ್ನೊಂದು ಸುಲಭದ ದಾರಿ ಇದೆ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು, ಅದಕ್ಕಾಗಿ ಜನ ಸಂಘಕ್ಕೆ ಬಂದೇ ಬರುತ್ತಾರೆ. ಲೇಬರ್ ಕಾರ್ಡ್ ಆಯಿತು ಅಂದಮೇಲೆ ಮತ್ತೆ ಮುಖ ತೋರಿಸುವುದಿಲ್ಲ ಅಂತ ಪದಾಧಿಕಾರಿಗಳು ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಅವರಾಗೇ ನಡೆದು ಬಂದ ದಿನ ಅದು. ಅರ್ಜಿ ತುಂಬುವ ಹೊತ್ತಿನಲ್ಲೇ ನಾಲ್ಕು ಮಾತು ಕೇಳಿ, ಬರೆದಿಟ್ಟುಕೊಳ್ಳಿ.

ಏನು ಕೇಳಬೇಕು

"ಏನಾದರೂ ಸಮಸ್ಯೆ ಇದೆಯಾ?" ಅಂತ ಮಾತ್ರ ಕೇಳಬೇಡಿ. ಹತ್ತರಲ್ಲಿ ಒಂಬತ್ತು ಜನ "ಏನಿಲ್ಲ ಅಣ್ಣ, ಎಲ್ಲಾ ಚೆನ್ನಾಗಿದೆ" ಅನ್ನುತ್ತಾರೆ. ಸಮಸ್ಯೆ ಅಂದರೆ ದೊಡ್ಡದೇ ಇರಬೇಕು, ಪೊಲೀಸು ಕೋರ್ಟು ಅನ್ನುವಂಥದ್ದು ಅಂತ ಅವರ ಲೆಕ್ಕ. ಕುಡಿಯುವ ನೀರಿಲ್ಲದ್ದು, ಸೊಂಟ ನೋವು, ಮೇಸ್ತ್ರಿ ಬಾಯಿಗೆ ಬಂದಂಗೆ ಬೈಯುವುದು ಅವರ ಲೆಕ್ಕದಲ್ಲಿ ಸಮಸ್ಯೆಯೇ ಅಲ್ಲ, ದಿನಾ ಇರುವುದು.

ನಿನ್ನೆಯ ದಿನದ ಬಗ್ಗೆ ಕೇಳಿ. ನಿನ್ನೆ ಎಷ್ಟೊತ್ತಿಗೆ ಮನೆ ಬಿಟ್ಟಿರಿ, ಊಟ ಎಲ್ಲಿ ಮಾಡಿದಿರಿ, ಬಾತ್‌ರೂಮಿಗೆ ಎಲ್ಲಿ ಹೋಗುತ್ತೀರಿ (ಇದನ್ನು ಹೆಂಗಸರೇ ಕೇಳಬೇಕು), ಹೋದ ಬಟವಾಡೆಯಲ್ಲಿ ಎಷ್ಟು ಬರಬೇಕಿತ್ತು, ಕೈಗೆ ಎಷ್ಟು ಬಂತು. ಬೀಡಿ ಕಟ್ಟುವವರಿಗೆ ಸಾವಿರಕ್ಕೆ ಎಷ್ಟು ಕೊಡುತ್ತಾರೆ ಅನ್ನುವುದರ ಜೊತೆಗೆ ಈ ವಾರ ಎಷ್ಟು ಬೀಡಿ ಬೇಡ ಅಂತ ತೆಗೆದು ಹಾಕಿದರು, ಎಲೆ ಕಡಿಮೆ ಬಿದ್ದಾಗ ಕೈಯಿಂದ ಎಷ್ಟು ಹಾಕಿ ತಂದಿರಿ ಅಂತ ಕೇಳಿ. ಕಾಗದದ ಮೇಲಿನ ಕೂಲಿಗೂ ಕೈಗೆ ಬಂದ ಕೂಲಿಗೂ ಇರುವ ವ್ಯತ್ಯಾಸ ಅಲ್ಲೇ ಹೊರಗೆ ಬರುತ್ತದೆ. ಉತ್ತರ ತಡವಾದರೆ ನೀವೇ ಬಾಯಿ ಹಾಕಿ ತುಂಬಿಸಬೇಡಿ. ಕಾಯಿರಿ.

ಇದರ ಬೆಲೆ ಏನು ಅಂತ ತಿಳಿಯಬೇಕಾದರೆ 2016ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ರಸ್ತೆಗೆ ಬಂದು ಕೂತರು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅನ್ನುವ ಹೊಸ ನಿಯಮದ ವಿರುದ್ಧ. ಯಾವ ಯೂನಿಯನ್ನಿನ ಕರೆಯೂ ಅದರ ಹಿಂದೆ ಇರಲಿಲ್ಲ. ಕೇಂದ್ರ ಸರ್ಕಾರ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಅದರ ಹಿಂದಿನ ವರ್ಷ ಕೇರಳದ ಮುನ್ನಾರಿನಲ್ಲಿ ಟೀ ತೋಟದ ಹೆಂಗಸರು ಬೋನಸ್‌ಗಾಗಿ ಕೂತಾಗ ಯೂನಿಯನ್ ಮುಖಂಡರನ್ನೇ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಗೆದ್ದಿದ್ದಕ್ಕೆ ನನಗೆ ಸಂತೋಷವೇ. ಆದರೆ ಮಗಳ ಮದುವೆಗೋ ಸ್ಕೂಲ್ ಫೀಸಿಗೋ ಇಟ್ಟುಕೊಂಡ ದುಡ್ಡಿನ ಚಿಂತೆ ಅಷ್ಟು ಜನರ ಎದೆಯಲ್ಲಿ ಇರುವಾಗ ಅದು ಸಂಘದವರ ಕಿವಿಗೆ ಮೊದಲೇ ಬೀಳಬೇಕಿತ್ತು ಅನ್ನಿಸುತ್ತದೆ.

ಬರೆದುಕೊಂಡು ಬಂದ ಮೇಲೆ

ನಮ್ಮ ಸಂಘದಲ್ಲಿ ಒಂದು ಉದ್ದನೆಯ ಪುಸ್ತಕ ಇದೆ. ತಾರೀಖು, ಹೇಳಿದವರು, ಹೇಳಿದ ಮಾತು, ಯಾರು ವಹಿಸಿಕೊಂಡರು, ಏನಾಯಿತು, ಹೇಳಿದವರಿಗೆ ಯಾವತ್ತು ತಿಳಿಸಿದೆವು. ಒಟ್ಟು ಆರು ಕಾಲಂ. ಹೇಳಿದ ಮಾತನ್ನು ಅವರು ಹೇಳಿದ ಹಾಗೇ ಬರೆಯುತ್ತೇವೆ. "ಬಿಸಿಲಿಗೆ ತಲೆ ತಿರುಗಿ ಬಿದ್ದೆ, ಅರ್ಧ ದಿನದ ಕೂಲಿ ಹಿಡಿದರು" ಅನ್ನುವುದನ್ನು "ಸುರಕ್ಷತಾ ಕ್ರಮಗಳ ಕೊರತೆ" ಅಂತ ಬರೆದರೆ ಆ ಮನುಷ್ಯ ಅಲ್ಲಿಂದ ಮಾಯವಾಗುತ್ತಾನೆ, ಕಾರ್ಮಿಕ ಅಧಿಕಾರಿ ಮುಂದೆ ಕೂತಾಗ ಹೇಳುವುದಕ್ಕೂ ಏನೂ ಇರುವುದಿಲ್ಲ. ಹೆದರಿಕೆ ಇರುವವರ ಹೆಸರು ಬರೆಯಬೇಡಿ. ಒಂದು ನಂಬರ್ ಹಾಕಿ, ಆ ನಂಬರ್ ಯಾರದು ಅಂತ ಒಬ್ಬರಿಗೆ ಮಾತ್ರ ಗೊತ್ತಿರಲಿ.

ಎಲ್ಲಕ್ಕಿಂತ ಕಷ್ಟದ ಕಾಲಂ ಕೊನೆಯದು. ಅಲ್ಲೇ ಹೆಚ್ಚಿನ ಸಂಘಗಳು ಸೋಲುತ್ತವೆ. ಕೇಳಿಕೊಂಡು ಬರುತ್ತಾರೆ, ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ, ಯಾಕೆಂದರೆ ಕೆಲಸ ಆಗಿರುವುದಿಲ್ಲ, ಬರಿಗೈಯಲ್ಲಿ ಹೋಗಲು ಮುಖ ಇಲ್ಲ. ಹೋಗಿ. ನಾವು ಎಂಟು ದಿನ ಅಂತ ಗೆರೆ ಎಳೆದುಕೊಂಡಿದ್ದೇವೆ. "ಅಕ್ಕ, ನೀವು ಹೇಳಿದ್ದನ್ನು ಕಂಟ್ರಾಕ್ಟರ್ ಹತ್ತಿರ ಎತ್ತಿದೆವು, ಅವರು ಒಪ್ಪಲಿಲ್ಲ, ಈ ತಿಂಗಳು ಆಗುವುದಿಲ್ಲ" ಅಂತ ಎದುರಿಗೆ ನಿಂತು ಹೇಳಿದರೆ ಜನ ಸಿಟ್ಟಾಗುವುದಿಲ್ಲ. ಎಷ್ಟೋ ಸಲ ಅವರೇ ಬೇರೆ ದಾರಿ ಹೇಳಿಕೊಟ್ಟಿದ್ದಾರೆ. ಮಾತು ಎಲ್ಲಿಗೆ ಹೋಯಿತು ಅಂತ ತಿಳಿಯದೇ ಇದ್ದಾಗಲೇ ಅವರು ಎರಡನೇ ಸಲ ಬಾಯಿ ಬಿಡುವುದಿಲ್ಲ.

ವಾಟ್ಸಾಪ್ ಗುಂಪು ಇದ್ದರೆ ಇರಲಿ. ಸಭೆಯ ದಿನ, ಅರ್ಜಿಯ ಕೊನೆ ತಾರೀಖು ತಿಳಿಸುವುದಕ್ಕೆ ಒಳ್ಳೆಯದು. ಓದು ಬಾರದವರಿಗೆ ಬರಹದ ಬದಲು ಧ್ವನಿ ಕಳಿಸಿ. ದೂರು ಮಾತ್ರ ಅಲ್ಲಿ ತೆಗೆದುಕೊಳ್ಳಬೇಡಿ, ಒಂದು ಸ್ಕ್ರೀನ್‌ಶಾಟ್ ಮೇಸ್ತ್ರಿ ಕೈಗೆ ಸಿಕ್ಕರೆ ಸಾಕು, ಆ ಮನೆಯ ಕೂಲಿ ನಿಂತು ಹೋಗುತ್ತದೆ.

ಸಭೆಯಲ್ಲಿ ಸದಸ್ಯರು ಮೊದಲು, ಮುಖಂಡರು ಕೊನೆಗೆ ಮಾತಾಡಬೇಕು. ಮುಖಂಡರ ಭಾಷಣ ಮೊದಲೇ ಆಗಿಬಿಟ್ಟರೆ ಉಳಿದವರು ಅದನ್ನೇ ಬೇರೆ ಮಾತಲ್ಲಿ ಹೇಳಿ ಕೂರುತ್ತಾರೆ. ಆರೇಳು ಜನ ಒಂದೇ ಕೆಲಸದವರನ್ನು ಗುಂಪು ಮಾಡಿ, ಹೆಂಗಸರದು ಬೇರೆ ಗುಂಪು ಇರಲಿ, ಆಮೇಲೆ ಎಲ್ಲರೂ ಒಟ್ಟಿಗೆ ಸೇರಲಿ. ಸಂಜೆ ಆರರಿಂದ ಎಂಟರವರೆಗೆ ಸಭೆ ಇಟ್ಟರೆ ಅಡುಗೆ ಮಾಡುವವರು ಬರುವುದಿಲ್ಲ, ಅದನ್ನು ಬಿಡಿ.

ಯಾವ ಬೇಡಿಕೆ ಮೊದಲು ಅನ್ನುವುದನ್ನು ಕೈ ಎತ್ತಿಸಿ ಕೇಳಬೇಡಿ. ಪಕ್ಕದವರು ಎತ್ತಿದರು ಅಂತ ಎತ್ತುತ್ತಾರೆ. ನಾವು ಮಾಡುವುದು ಹೀಗೆ. ಒಂದೊಂದು ಬೇಡಿಕೆಗೆ ಒಂದೊಂದು ಡಬ್ಬಿ, ಮೇಲೆ ಚಿತ್ರ: ಬಸ್, ನೀರಿನ ಕೊಡ, ನೋಟು. ಒಬ್ಬೊಬ್ಬರ ಕೈಗೆ ಮೂರು ಶೇಂಗಾ. ಪರದೆಯ ಹಿಂದೆ ಹೋಗಿ ತಮಗೆ ಬೇಕಾದ ಡಬ್ಬಿಗೆ ಹಾಕಿ ಬರಬೇಕು, ಮೂರನ್ನೂ ಒಂದಕ್ಕೇ ಹಾಕಬಹುದು. ಎಲ್ಲರ ಎದುರಿಗೆ ಎಣಿಸುತ್ತೇವೆ. ಮೊದಲ ಸಲ ಮಾಡಿದಾಗ ನಾವು ಪಟ್ಟಿಯಲ್ಲಿ ಏಳನೆಯದಾಗಿ ಬರೆದಿದ್ದ ನೀರು ಮೊದಲು ಬಂತು.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೂ ಕರಡನ್ನು ಸದಸ್ಯರ ಮುಂದೆ ಓದಿ, ಒಪ್ಪಿಗೆ ಪಡೆದು ಸಹಿ ಹಾಕಿ. ಮಾತುಕತೆಯ ಕೊಠಡಿಯಲ್ಲಿ ಈಗಲೇ ಹಾಕಿ ಅಂತ ಒತ್ತಡ ಬಂದೇ ಬರುತ್ತದೆ. ಜನರನ್ನು ಕೇಳಿ ಬರುತ್ತೇವೆ ಅನ್ನುವುದು ಬಲಹೀನತೆ ಅಲ್ಲ. 2025ರ ನವೆಂಬರ್ 21ರಿಂದ ಯೂನಿಯನ್, ಮುಷ್ಕರಗಳ ಬಗ್ಗೆ ಕೈಗಾರಿಕಾ ಸಂಬಂಧಗಳ ಸಂಹಿತೆ ಅನ್ನುವ ಹೊಸ ಕಾನೂನು ಜಾರಿಗೆ ಬಂದಿದೆ. ಒಂದು ಕಾರ್ಖಾನೆಯಲ್ಲಿ ಹಲವು ಯೂನಿಯನ್ ಇದ್ದರೆ ಶೇ 51 ಕೆಲಸಗಾರರ ಬೆಂಬಲ ಇದ್ದವರೇ ಮಾತುಕತೆಯ ಏಕೈಕ ಯೂನಿಯನ್. ಮುಷ್ಕರಕ್ಕೆ 14 ದಿನದ ನೋಟಿಸ್ ಬೇಕು. ಆ 14 ದಿನದಲ್ಲಿ ಒಳಗಿನ ಜನ ಗಟ್ಟಿ ಇರುತ್ತಾರೋ ಚದುರುತ್ತಾರೋ ಅನ್ನುವುದು ಅದಕ್ಕೂ ಮುಂಚೆ ಎಷ್ಟು ಸಲ ಅವರ ಹತ್ತಿರ ಹೋಗಿದ್ದೀರಿ ಅನ್ನುವುದರ ಮೇಲಿದೆ.

ಲೆಕ್ಕದ ಮಾತೂ ಇಲ್ಲೇ ಬರುತ್ತದೆ. ಚಂದಾಕ್ಕೆ ರಸೀದಿ ಕೊಡಿ, ವರ್ಷದ ಲೆಕ್ಕವನ್ನು ಓದಿ ಹೇಳಿ. ಸಂಘದ ಲೆಕ್ಕದ ಪುಸ್ತಕ ನೋಡುವ ಹಕ್ಕು ಸದಸ್ಯರಿಗೆ 1926ರ ಟ್ರೇಡ್ ಯೂನಿಯನ್ ಕಾಯ್ದೆಯ ಕಾಲದಿಂದಲೇ ಇದೆ. ಯಾರಾದರೂ ತೋರಿಸಿ ಅಂದರೆ ಅನುಮಾನ ಪಟ್ಟರು ಅಂತ ಮುಖ ಗಂಟು ಹಾಕಿಕೊಳ್ಳಬಾರದು.

ಬೈಯುವವರು, ಬಿಟ್ಟು ಹೋದವರು

1918ರಲ್ಲಿ ಅಹಮದಾಬಾದಿನ ಮಿಲ್ ಕಾರ್ಮಿಕರು ಶೇ 35 ಕೂಲಿ ಹೆಚ್ಚಳಕ್ಕೆ ನಿಂತಾಗ ಗಾಂಧೀಜಿಯ ಜೊತೆಗಾರರು ದಿನಾ ಕಾರ್ಮಿಕರ ಕೇರಿಗಳಿಗೆ ಹೋಗುತ್ತಿದ್ದರು. ಒಂದು ದಿನ ಅಲ್ಲಿ ಕಟುವಾದ ಮಾತು ಕೇಳಿಬಂತು: ಗಾಂಧೀಜಿಗೂ ಅನಸೂಯಾ ಬೆಹೆನ್‌ಗೂ (ಮುಷ್ಕರದ ಮುಂದಾಳು ಅನಸೂಯಾ ಸಾರಾಭಾಯಿ) ಏನು, ಕಾರಿನಲ್ಲಿ ಬರುತ್ತಾರೆ ಹೋಗುತ್ತಾರೆ, ಚೆನ್ನಾಗಿ ಉಣ್ಣುತ್ತಾರೆ, ಸಾಯುತ್ತಿರುವವರು ನಾವು ಅಂತ. ಕೇಳಿಸಿಕೊಂಡವರು ಅದನ್ನು ನಯ ಮಾಡದೆ ಹಾಗೇ ಗಾಂಧೀಜಿಗೆ ಮುಟ್ಟಿಸಿದರು. ಗಾಂಧೀಜಿ ಉಪವಾಸ ಕೂತದ್ದು ಅದರ ಬೆನ್ನಿಗೇ. ಮೂರು ದಿನಕ್ಕೆ ಮಾಲೀಕರು ಮಧ್ಯಸ್ಥಿಕೆಗೆ ಒಪ್ಪಿದರು.

ನಿಮ್ಮ ಸಂಘದಲ್ಲಿ ಇಂಥ ಮಾತು ಕೇಳಿದರೆ ಅಧ್ಯಕ್ಷರ ತನಕ ಹಾಗೇ ಹೋಗುತ್ತದಾ, ಇಲ್ಲಾ ನಡುವೆಯೇ ನಿಲ್ಲುತ್ತದಾ? ಬೈಯುವ ಸದಸ್ಯ ಇನ್ನೂ ನಮ್ಮವನೇ. ಅವನ ಮಾತು ಮುಗಿಯುವ ತನಕ ಸಮಜಾಯಿಷಿ ಕೊಡಬೇಡಿ, ಬರೆದುಕೊಳ್ಳಿ, ಬರೆದದ್ದನ್ನು ಅವನಿಗೇ ಓದಿ ಹೇಳಿ, "ಸರೀನಾ ಅಣ್ಣ?" ಅಂತ ಕೇಳಿ.

ಚಂದಾ ಕಟ್ಟುವುದನ್ನು ನಿಲ್ಲಿಸಿದವರ ಪಟ್ಟಿಯನ್ನು ವರ್ಷಕ್ಕೊಮ್ಮೆ ತೆಗೆದು ಅವರ ಮನೆಗಳಿಗೂ ಹೋಗಿ. ರಸೀದಿ ಪುಸ್ತಕವನ್ನು ಆಫೀಸಿನಲ್ಲೇ ಬಿಟ್ಟು ಹೋಗಿ, ಇಲ್ಲದಿದ್ದರೆ ವಸೂಲಿಗೆ ಬಂದರು ಅಂದುಕೊಳ್ಳುತ್ತಾರೆ. ಹೋದ ವರ್ಷ ಹೀಗೆ ಹೋದಾಗ ಒಬ್ಬ ಬಾರ್ ಬೆಂಡಿಂಗ್ ಅಣ್ಣ ಬಾಗಿಲಲ್ಲೇ ನಿಲ್ಲಿಸಿ ಹೇಳಿದರು, ಕೈಗೆ ಪೆಟ್ಟಾಗಿ ಎರಡು ತಿಂಗಳು ಮನೆಯಲ್ಲಿದ್ದೆ, ಸಂಘದಿಂದ ಯಾರೂ ಬಂದು ನೋಡಲಿಲ್ಲ ಅಂತ. ನಮ್ಮ ಪುಸ್ತಕದಲ್ಲಿ ಅವರ ಪೆಟ್ಟಿನ ಸುದ್ದಿಯೇ ಇರಲಿಲ್ಲ. ಅವತ್ತಿನಿಂದ ಪ್ರತಿ ಕೇರಿಗೂ ಒಬ್ಬರನ್ನು ಗೊತ್ತು ಮಾಡಿದ್ದೇವೆ. ಯಾರಾದರೂ ಮೂರು ದಿನ ಕೆಲಸಕ್ಕೆ ಕಾಣಿಸದಿದ್ದರೆ ಅವತ್ತೇ ಸಂಜೆ ಅವರ ಮನೆಗೆ ಹೋಗಿ ಬರುವುದು ಆ ಒಬ್ಬರ ಕೆಲಸ.