ಹಳೇ ಕ್ಯಾಂಪರ್ ವ್ಯಾನ್‌ಗೆ ‘ವಿಂಟೇಜ್’ ನೋಂದಣಿ, ವಿಮೆ ಮಾಡಿಸುವುದು ಹೇಗೆ?

ಅರ್ಜಿಗೆ ಮುಂಚೆ ಆರ್‌ಸಿಯಲ್ಲಿ ಎರಡು ಸಂಗತಿ ನೋಡಿ: ಮೊದಲ ನೋಂದಣಿಯ ದಿನಾಂಕ ಮತ್ತು ಸೀಟುಗಳ ಸಂಖ್ಯೆ. ಕೇಂದ್ರ ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ಎಂ1 ವಾಹನಗಳಷ್ಟೇ ವಿಂಟೇಜ್. ಚಾಲಕನನ್ನು ಬಿಟ್ಟು ಗರಿಷ್ಠ ಎಂಟು ಸೀಟಿರುವ ಪ್ರಯಾಣಿಕ ವಾಹನವೇ ಎಂ1. ಹನ್ನೆರಡು ಸೀಟಿನ ಮಿನಿಬಸ್, ಗೂಡ್ಸ್ ಎಂದು ದಾಖಲಾದ ಮಟಡೋರ್ ಇಲ್ಲೇ ಹೊರಗುಳಿಯುತ್ತವೆ. ಒಳಗೆ ಮಂಚ ಹಾಕಿಸಿದ ಮಾತ್ರಕ್ಕೆ ವರ್ಗ ಬದಲಾಗದು.

ಚಾಸಿ, ಬಾಡಿ ಶೆಲ್, ಇಂಜಿನ್ ಮೂಲರೂಪದಲ್ಲೇ ಇರಬೇಕು. ಕ್ಯಾಂಪರ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ. ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಕಪಾಟು ದೊಡ್ಡ ತಲೆನೋವಲ್ಲ. ಚಾವಣಿ ಕೊಯ್ದು ಏರಿಸಿದ್ದರೆ, ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಿದ್ದರೆ ಕಷ್ಟ. ಏರುವ ಚಾವಣಿ ತಯಾರಿಕೆಯ ಕಾಲದ್ದೇ ಆಗಿದ್ದರೆ ಅದಕ್ಕೆ ಹಳೆಯ ಕಾಗದ ಹುಡುಕಿಡಿ. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ (ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪಡೆಯುವ ಅಚ್ಚು) ತೆಗೆಯಲು ಗ್ರೈಂಡರ್ ಹಿಡಿಯಲೇಬೇಡಿ. ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಉಬ್ಬಿದ ಮೇಲೆ ಹಿತ್ತಾಳೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಒಂದು ಅಂಕಿ ಸವೆದರೂ ನಂಬರ್ ತಿದ್ದಿದ್ದಾರೆಂಬ ಶಂಕೆ ಏಳುತ್ತದೆ.

ಅರ್ಜಿಯ ಜತೆ ಪಾಲಿಸಿ ಇರಬೇಕಾದ್ದರಿಂದ ವಿಮೆ ಮೊದಲು. ಬಳಿಕ ನಮೂನೆ 20 (ನೋಂದಣಿ ಅರ್ಜಿ), ಹಳೇ ಆರ್‌ಸಿ, ಆಮದು ವಾಹನಕ್ಕಾದರೆ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ನ ಆಮದು ದಾಖಲೆ), ಶುಲ್ಕ ₹20,000. 60 ದಿನದೊಳಗೆ ನಮೂನೆ 23ಎ ನೋಂದಣಿ ಪ್ರಮಾಣಪತ್ರ ಸಿಗಬೇಕು. ಅವಧಿ 10 ವರ್ಷ, ಮರುನೋಂದಣಿಗೆ ₹5,000. ಮೊದಲೇ ನೋಂದಣಿಯಾದ ವಾಹನ ಹಳೇ ನಂಬರ್ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವುದಕ್ಕೆ ‘ವಿಎ’ ಸರಣಿ.

ಒಂದು ಮಾತು: ವಿಂಟೇಜ್ ವಾಹನವನ್ನು ನಿತ್ಯ ಓಡಿಸುವಂತಿಲ್ಲ, ಬಾಡಿಗೆಗೂ ಬಿಡುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ, ತಾಂತ್ರಿಕ ಸಂಶೋಧನೆಗಷ್ಟೇ ರಸ್ತೆಗಿಳಿಸಬಹುದು. ಊರೂರು ಸುತ್ತುವ ಆಸೆಯಿದ್ದವರು ಐದು ವರ್ಷಕ್ಕೊಮ್ಮೆ ಸಾಮಾನ್ಯ ಆರ್‌ಸಿ ನವೀಕರಿಸಿಕೊಳ್ಳುವುದೇ ಲೇಸು.

ವಿಮೆಯಲ್ಲಿ ಥರ್ಡ್ ಪಾರ್ಟಿ ಕಡ್ಡಾಯ. ಸ್ವಂತ ಹಾನಿಗೂ ರಕ್ಷಣೆ ಬೇಕಿದ್ದರೆ ಐಡಿವಿ (ವಿಮೆಗಾಗಿ ವಾಹನಕ್ಕೆ ಕಟ್ಟುವ ಬೆಲೆ) ಚೌಕಾಸಿಯ ವಿಷಯ. ಐದು ವರ್ಷ ಮೀರಿದ ವಾಹನಕ್ಕೆ ಸವಕಳಿ ಪಟ್ಟಿಯಿಲ್ಲ. ಕಂಪನಿ ಮತ್ತು ಮಾಲೀಕರು ಒಪ್ಪಿದ್ದೇ ಬೆಲೆ. ಮೌಲ್ಯಮಾಪಕರ ವರದಿ, ದುರಸ್ತಿ ಬಿಲ್ಲು, ತಳಭಾಗದ ಫೋಟೊ ಮುಂದಿಟ್ಟು ಮಾತಾಡಿ. ವಿಮಾ ದರಗಳ ಹಳೇ ಪಟ್ಟಿಯಾದ ಮೋಟಾರ್ ಟ್ಯಾರಿಫ್‌ನ ‘ವಿಂಟೇಜ್ ಕಾರ್’ ರಿಯಾಯಿತಿ 1940ರ ಅಂತ್ಯಕ್ಕೆ ಮುಂಚಿನ ಕಾರುಗಳದ್ದು. ಅರವತ್ತರ ದಶಕದ ವ್ಯಾನಿಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕ್ಲೇಮ್ ಮಾಡುವಾಗ ಹತ್ತು ವರ್ಷ ಮೀರಿದ ವಾಹನದ ಲೋಹದ ಭಾಗಕ್ಕೂ, ರಬ್ಬರು–ಪ್ಲಾಸ್ಟಿಕ್ಕಿಗೂ ಶೇ 50 ಸವಕಳಿ ಕಡಿಯುತ್ತಾರೆ. ಫ್ರಿಜ್, ಇನ್ವರ್ಟರ್‌ನಂಥ ವಿದ್ಯುತ್ ಉಪಕರಣಗಳನ್ನು ಬೆಲೆಸಹಿತ ಪ್ರತ್ಯೇಕವಾಗಿ ಪಾಲಿಸಿಯಲ್ಲಿ ಬರೆಸಿ. ಬರೆಸದ ವಸ್ತುವಿಗೆ ಪರಿಹಾರ ಕೇಳಿ ಪ್ರಯೋಜನವಿಲ್ಲ.