ಐಪ್ಯಾಡ್ ಮಿನಿ, ಗ್ಯಾಲಕ್ಸಿ ಟ್ಯಾಬ್ ಎ9: ಕನ್ನಡ ಓದುವ, ಬರೆಯುವ ಕೆಲಸಕ್ಕೆ ಎರಡನ್ನೂ ಬಳಸಿದ ನನ್ನ ಅನುಭವ

ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಮೊದಲೆಲ್ಲ ಪ್ರಕಾಶಕರು ಪ್ರಿಂಟ್ ತೆಗೆದು ಕೊರಿಯರ್ ಮಾಡುತ್ತಿದ್ದರು, ಈಗ ಪಿಡಿಎಫ್ ಬರುತ್ತದೆ. ಫೋನಿನಲ್ಲಿ ಒಂದು ಪುಟ ಪೂರ್ತಿ ಓದುವ ಹಾಗೆ ಕಾಣುವುದಿಲ್ಲ. ಲ್ಯಾಪ್‌ಟಾಪ್ ಮುಂದೆ ಗಂಟೆಗಟ್ಟಲೆ ಕೂತರೆ ಕುತ್ತಿಗೆ ಹಿಡಿಯುತ್ತದೆ. ಹತ್ತು-ಹನ್ನೊಂದು ಇಂಚಿನ ಟ್ಯಾಬ್ಲೆಟ್ಟನ್ನು ಒಂದು ಕೈಯಲ್ಲಿ ಹಿಡಿದು ಬಹಳ ಹೊತ್ತು ಓದಲು ಆಗುವುದಿಲ್ಲ. ಹಾಗಾಗಿ ಎಂಟು ಇಂಚಿನ ಆಸುಪಾಸಿನದ್ದೇ ನನಗೆ ಸರಿ.

ಮನೆಯಲ್ಲಿ ಈಗ ಎರಡಿವೆ. ಒಂದು ಆ್ಯಪಲ್‌ನ ಐಪ್ಯಾಡ್ ಮಿನಿ, 2021ರಲ್ಲಿ ಬಂದ ಆರನೇ ತಲೆಮಾರಿನದು. ಇನ್ನೊಂದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9, 2023ರದು, ಆಂಡ್ರಾಯ್ಡ್ ಮೇಲೆ ನಡೆಯುವಂಥದ್ದು. ಮಿನಿ ನನ್ನ ಕೆಲಸಕ್ಕೆ, ಟ್ಯಾಬ್ ಅಮ್ಮನಿಗೆ ಅಂತ ತಂದದ್ದು. ಆದರೆ ನಾನು ಎರಡರಲ್ಲೂ ಓದಿದ್ದೇನೆ, ಬರೆದಿದ್ದೇನೆ, ತಿದ್ದಿದ್ದೇನೆ. ಬಂದ ಹೊಸದರಲ್ಲಿ ಮಿನಿಯ ಬೆಲೆ 46,900 ರೂಪಾಯಿ, ಟ್ಯಾಬ್ ಎ9ನ ವೈಫೈ ಮಾಡೆಲ್ 12,999. ಇಷ್ಟು ಬೆಲೆ ವ್ಯತ್ಯಾಸ ಇರುವ ಎರಡನ್ನು ಪಕ್ಕಪಕ್ಕ ಇಡುವುದು ಸರಿಯಾ ಅಂತ ಯಾರಾದರೂ ಕೇಳಬಹುದು. ಚಿಕ್ಕ ಟ್ಯಾಬ್ಲೆಟ್ ಬೇಕು ಅಂತ ಹೊರಟವರ ಮುಂದೆ ನಿಜಕ್ಕೂ ಇರುವ ಆಯ್ಕೆ ಹೆಚ್ಚುಕಡಿಮೆ ಇದೇ. ಐಪ್ಯಾಡ್‌ನಲ್ಲಿ ಚಿಕ್ಕದು ಅಂದರೆ ಮಿನಿ ಒಂದೇ. ಆಂಡ್ರಾಯ್ಡ್‌ನಲ್ಲಿ ಚಿಕ್ಕದು ಅಂದರೆ ಹೆಚ್ಚಿನವು ಕಡಿಮೆ ಬೆಲೆಯವು. ಲೆನೊವೊ ಲೀಜನ್ ಟ್ಯಾಬ್‌ನಂಥವು ಇವೆ, 8.8 ಇಂಚಿನಲ್ಲಿ 2560×1600 ಚುಕ್ಕಿಗಳ (ಪಿಕ್ಸೆಲ್‌ಗಳ) ಪರದೆ. ಅದು ಗೇಮ್ ಆಡುವವರಿಗೆಂದೇ ಮಾಡಿದ್ದು.

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಇಂಚು. ಮಿನಿಯದು 8.3 ಇಂಚು, ಟ್ಯಾಬ್ ಎ9ನದು 8.7. ಹಾಗಾದರೆ ಟ್ಯಾಬ್‌ನಲ್ಲಿ ಪುಟ ದೊಡ್ಡದಾಗಿ ಕಾಣಬೇಕು, ಅಲ್ವಾ? ಕಾಣುವುದಿಲ್ಲ. ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ. ಪರದೆ ಉದ್ದುದ್ದ ಇದ್ದಷ್ಟೂ ಆ ಅಳತೆ ಜಾಸ್ತಿ ಬರುತ್ತದೆ. ಮಿನಿಯ ಪರದೆ ಸುಮಾರು 11.6 ಸೆಂಟಿಮೀಟರ್ ಅಗಲ, 17.7 ಉದ್ದ. ಟ್ಯಾಬ್ ಎ9 ಸುಮಾರು 11.3 ಅಗಲ, 19 ಉದ್ದ. ನಮ್ಮ ಪುಸ್ತಕಗಳಲ್ಲಿ ಬಹುಪಾಲು ಡೆಮಿ 1/8 ಆಕಾರದವು, ಅಂದರೆ ಹತ್ತಿರ ಹತ್ತಿರ 14×21.5 ಸೆಂಟಿಮೀಟರ್. ಆ ಪುಟ ಮಿನಿಯ ಪರದೆಯಲ್ಲಿ ಜಾಗ ಉಳಿಯದಂತೆ ಕೂರುತ್ತದೆ. ಟ್ಯಾಬ್‌ನಲ್ಲಿ ಅಗಲಕ್ಕೆ ಸರಿಹೋಗಿ ಮೇಲೆ ಕೆಳಗೆ ಸೇರಿ ಒಂದೂವರೆ ಸೆಂಟಿಮೀಟರ್ ಖಾಲಿ ಉಳಿಯುತ್ತದೆ. ಪುಟದ ಗಾತ್ರ ಎರಡರಲ್ಲೂ ಒಂದೇ, ಕೂದಲೆಳೆಯಷ್ಟು ಮಿನಿಯಲ್ಲೇ ದೊಡ್ಡದು.

ಸಿನಿಮಾ, ಯೂಟ್ಯೂಬ್ ಅಂತ ಬಂದಾಗ ಲೆಕ್ಕ ತಿರುಗುತ್ತದೆ. ಅಡ್ಡ ಹಿಡಿದರೆ ಟ್ಯಾಬ್ ಎ9ನಲ್ಲಿ ಚಿತ್ರ ಸುಮಾರು 19 ಸೆಂಟಿಮೀಟರ್ ಅಗಲ ಬರುತ್ತದೆ, ಮಿನಿಯಲ್ಲಿ 17.7. ಅಮ್ಮ ಎರಡರಲ್ಲೂ ಒಂದೇ ಹರಿಕಥೆಯ ವಿಡಿಯೊ ನೋಡಿ, "ನಿನ್ನದರಲ್ಲಿ ಚಿತ್ರ ಸಣ್ಣಗೆ ಕಾಣತ್ತೆ ಕಣೋ, ನನ್ನದೇ ವಾಸಿ" ಅಂದರು. ಸರಿಯಾಗೇ ಹೇಳಿದರು.

ಅಂಚು ಕತ್ತರಿಸಿ ಓದುವುದನ್ನು ರೂಢಿ ಮಾಡಿಕೊಳ್ಳಿ. ಅಚ್ಚಿನ ಪುಸ್ತಕಕ್ಕೆ ಅಂಚು ಬೇಕು, ಬೆರಳಿಡಲು, ಬೈಂಡ್ ಮಾಡಲು. ಪರದೆಗೆ ಬೇಡ. ಐಪ್ಯಾಡ್‌ನಲ್ಲಿ ಗುಡ್‌ರೀಡರ್, ಆಂಡ್ರಾಯ್ಡ್‌ನಲ್ಲಿ ಲಿಬ್ರೆರಾ ಆ್ಯಪ್‌ಗಳು ಈ ಕೆಲಸ ಚೆನ್ನಾಗಿ ಮಾಡುತ್ತವೆ. ಅಂಚು ತೆಗೆದರೆ ಡೆಮಿ ಪುಸ್ತಕದ ಅಕ್ಷರ ಮಿನಿಯಲ್ಲಿ ಅಚ್ಚಿನಲ್ಲಿ ಇದ್ದಷ್ಟೇ ದಪ್ಪಕ್ಕೆ ಬರುತ್ತದೆ. ಕಣ್ಣಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇನ್ನು ಅಕ್ಷರದ ಚೂಪು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮಿನಿಯಲ್ಲಿ ಒಂದು ಇಂಚಿಗೆ 326 ಚುಕ್ಕಿ, ಟ್ಯಾಬ್ ಎ9ನಲ್ಲಿ ಸುಮಾರು 179. ಇಂಗ್ಲಿಷ್ ಓದುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟಲಿಕ್ಕಿಲ್ಲ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಅರ್ಧ ಗಾತ್ರದಲ್ಲಿ ಕೂರುತ್ತದೆ. ಡೆಮಿ ಪುಟವನ್ನು ಇಡಿಯಾಗಿ ತೆರೆದಾಗ ಒಂದು ಒತ್ತಿನ ಎತ್ತರ ಒಂದು ಮಿಲಿಮೀಟರಿಗಿಂತ ತುಸು ಜಾಸ್ತಿ, ಅಷ್ಟೆ. ಆ ಒಂದು ಮಿಲಿಮೀಟರಿನಲ್ಲಿ ಟ್ಯಾಬ್‌ಗೆ ಸಿಗುವುದು 7 ಚುಕ್ಕಿ, ಮಿನಿಗೆ 13ರ ಹತ್ತಿರ. ದ ಮತ್ತು ಧಕ್ಕೆ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. ಧದ ಹೊಟ್ಟೆಯಲ್ಲಿ ಚುಕ್ಕಿ ಇಟ್ಟರೆ ಥ. "ಅರ್ಥ" ಇರಬೇಕಾದ ಕಡೆ "ಅರ್ಧ" ಬಿದ್ದಿದ್ದರೆ ಕರಡು ತಿದ್ದುವವರು ಹಿಡಿಯಬೇಕಾದ್ದು ಆ ಒಂದು ಚುಕ್ಕಿಯನ್ನು. ಕಂಪ್ಯೂಟರಿನ ಕಾಗುಣಿತ ತಿದ್ದುವ ಸಾಧನಕ್ಕೆ ಎರಡೂ ಸರಿಯಾದ ಪದಗಳೇ, ಅದು ಹಿಡಿಯುವುದಿಲ್ಲ. ಮಿನಿಯಲ್ಲಿ ಆ ಚುಕ್ಕಿ ಇಡೀ ಪುಟದ ನೋಟದಲ್ಲೇ ಕಾಣುತ್ತದೆ. ಟ್ಯಾಬ್‌ನಲ್ಲಿ ಅನುಮಾನ ಬಂದಾಗಲೆಲ್ಲ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಬೇಕು. ಅನುಮಾನ ಬಂದರೆ ನೋಡುತ್ತೇವೆ, ಬರದಿದ್ದರೆ ತಪ್ಪು ಹಾಗೇ ಅಚ್ಚಿಗೆ ಹೋಗುತ್ತದೆ. ಆ ಕಾರಣಕ್ಕೆ ಕರಡಿನ ಕೆಲಸ ಮಿನಿಯಲ್ಲೇ.

ಸುಮ್ನೆ ಓದುವುದಕ್ಕೆ ಇದೇ ಮಾತು ಹೇಳುವುದಿಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್‌ಗಳನ್ನು ನೋಡಿ. ಎಷ್ಟೋ ಪುಟಗಳು ಮೂಲದಲ್ಲೇ ಮಸುಕು. ಅಂಥವನ್ನು ಓದಲು ಚೂಪಾದ ಪರದೆ ಇದ್ದರೂ ಹೆಚ್ಚಿನ ಲಾಭ ಇಲ್ಲ. ಕಾದಂಬರಿಯನ್ನು ಇ-ಪಬ್ ರೂಪದಲ್ಲಿ ಓದುವಾಗ ಅಕ್ಷರ ದಪ್ಪ ಮಾಡಿಕೊಂಡರೆ ಟ್ಯಾಬ್ ಎ9 ಧಾರಾಳ ಸಾಕು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕ ಕೊಳ್ಳುವವರಿಗೆ ಒಂದು ಮಾತು: ಐಪ್ಯಾಡ್‌ನ ಪ್ಲೇ ಬುಕ್ಸ್ ಆ್ಯಪ್ ಒಳಗೇ ಕೊಳ್ಳುವ ವ್ಯವಸ್ಥೆ ಇಲ್ಲ. ಬ್ರೌಸರ್‌ನಲ್ಲಿ ಕೊಂಡರೆ ಆ್ಯಪ್‌ಗೆ ಬಂದು ಕೂರುತ್ತದೆ. ಆಂಡ್ರಾಯ್ಡ್‌ನಲ್ಲಿ ನೇರ ಅಲ್ಲೇ ಕೊಳ್ಳಬಹುದು.

ತಿದ್ದುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಮಿನಿಗೆ ಎರಡನೇ ತಲೆಮಾರಿನ ಆ್ಯಪಲ್ ಪೆನ್ಸಿಲ್ ಹೊಂದುತ್ತದೆ. ಅಂಚಿಗೆ ಅಯಸ್ಕಾಂತದಿಂದ ಅಂಟಿಕೊಂಡು ಅಲ್ಲೇ ಚಾರ್ಜ್ ಆಗುತ್ತದೆ. ಅದರ ಬೆಲೆ 11,900 ರೂಪಾಯಿ, ಅಂದರೆ ಹತ್ತಿರ ಹತ್ತಿರ ಇನ್ನೊಂದು ಟ್ಯಾಬ್ ಎ9ನ ಬೆಲೆ. ತಿದ್ದುವ ಕೆಲಸ ದಿನಾ ಇಲ್ಲದವರು ಇದಕ್ಕೆ ದುಡ್ಡು ಹಾಕಬೇಡಿ. ನನಗಂತೂ ಅದಿಲ್ಲದೆ ಆಗದು. ಅಂಗೈಯನ್ನು ಪರದೆಯ ಮೇಲೆ ಊರಿ, ಕಾಗದದ ಮೇಲೆ ಕೆಂಪು ಪೆನ್ನು ಹಿಡಿದ ಹಾಗೇ ಅಂಚಿನಲ್ಲಿ ಗುರುತು ಹಾಕುತ್ತೇನೆ. ಸಾಲು ಎಳೆದು ಅಕ್ಷರ ಹೊಡೆಯುವುದು, ಸೇರಿಸುವ ಪದವನ್ನು ಪಕ್ಕದಲ್ಲಿ ಬರೆಯುವುದು, ಎಲ್ಲ ಹಳೆಯ ಕ್ರಮದಲ್ಲೇ. ಫೈಲ್ಸ್ ಆ್ಯಪ್‌ನ ಮಾರ್ಕಪ್‌ನಲ್ಲಿ ಬರೆದದ್ದು ಅದೇ ಪಿಡಿಎಫ್‌ನಲ್ಲಿ ಉಳಿಯುತ್ತದೆ. ಡಿಟಿಪಿ ಮಾಡುವವರು, ಅಂದರೆ ಪುಟ ಜೋಡಿಸುವವರು, ತಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಕಾಣುತ್ತದೆ. ಟ್ಯಾಬ್ ಎ9ಗೆ ಸ್ಯಾಮ್‌ಸಂಗ್‌ನ ಎಸ್ ಪೆನ್ ಹೊಂದುವುದಿಲ್ಲ. ರಬ್ಬರ್ ತುದಿಯ ಸಾಮಾನ್ಯ ಕಡ್ಡಿಯಲ್ಲಿ ಬರೆಯಬಹುದು, ಆದರೆ ಅಂಗೈ ಎತ್ತಿ ಹಿಡಿದೇ ಬರೆಯಬೇಕು. ಆಂಡ್ರಾಯ್ಡ್‌ನಲ್ಲೇ ಚಿಕ್ಕದೂ ಇರಬೇಕು, ಒಳ್ಳೆ ಪೆನ್ನೂ ಬೇಕು ಅನ್ನುವವರು ಗ್ಯಾಲಕ್ಸಿ ಟ್ಯಾಬ್ ಆ್ಯಕ್ಟಿವ್5 ನೋಡಬಹುದು. 8 ಇಂಚಿನದು, ಎಸ್ ಪೆನ್ ಜೊತೆಗೇ ಬರುತ್ತದೆ, ಬ್ಯಾಟರಿಯನ್ನೂ ಬಿಚ್ಚಿ ಬದಲಾಯಿಸಬಹುದು.

ಪಿಡಿಎಫ್ ಒಳಗೆ ಪದ ಹುಡುಕುವ ಆಸೆ ಇದ್ದರೆ ಎರಡರಲ್ಲೂ ನಿರಾಸೆಯೇ. ನಮ್ಮ ಪ್ರಕಾಶನದಲ್ಲಿ ಇವತ್ತಿಗೂ ಎಷ್ಟೋ ಪುಸ್ತಕಗಳು ನುಡಿ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲೇ ತಯಾರಾಗುತ್ತವೆ, ಎಲ್ಲ ಸಾಧನಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತದಲ್ಲಲ್ಲ. ಫಾಂಟ್ ಪಿಡಿಎಫ್ ಒಳಗೇ ಇರುವುದರಿಂದ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಒಂದು ಸಾಲು ಕಾಪಿ ಮಾಡಿ ನೋಡಿ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಬರುತ್ತದೆ. ಆಪರೇಟಿಂಗ್ ಸಿಸ್ಟಮ್ ಬದಲಾಯಿಸಿದರೆ ಇದು ಸರಿಹೋಗುವುದಿಲ್ಲ. ಪ್ರಕಾಶಕರು ಯೂನಿಕೋಡ್‌ಗೆ ಬರಬೇಕು. ನಾನು ಕೆಲಸ ಕೊಡುವವರಿಗೆಲ್ಲ ಇದನ್ನು ಹೇಳುತ್ತಲೇ ಇದ್ದೇನೆ.

ಬರೆಯುವ ವಿಷಯಕ್ಕೆ ಬಂದರೆ ಆಂಡ್ರಾಯ್ಡ್ ಮುಂದಿದೆ, ಅದೂ ಬಹಳ ಮುಂದಿದೆ. ಆ್ಯಪಲ್ ತನ್ನದೇ ಕನ್ನಡ ಕೀಲಿಮಣೆ ಕೊಟ್ಟದ್ದು 2017ರ ಐಒಎಸ್ 11ರಲ್ಲಿ. ಅದು ಕೆಟ್ಟದ್ದಲ್ಲ. ಅಕ್ಷರ, ಹಲಂತ, ಅಕ್ಷರ ಅಂತ ಒತ್ತುತ್ತಾ ಹೋಗುವವರಿಗೆ ಸರಿಯಾಗೇ ಕೆಲಸ ಮಾಡುತ್ತದೆ. ಟ್ಯಾಬ್‌ನಲ್ಲಿ ಗೂಗಲ್‌ನ ಜಿಬೋರ್ಡ್ ಕೀಲಿಮಣೆ ಹಾಕಿಕೊಂಡರೆ ದಾರಿಗಳು ಹಲವು. ಕನ್ನಡ ಕೀಲಿಗಳಲ್ಲೇ ಒತ್ತಬಹುದು. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಪದ ಮೂಡುತ್ತದೆ. ಬೆರಳಲ್ಲಿ ಗೀಚಿದರೂ ಅಕ್ಷರವಾಗುತ್ತದೆ. ಮಾತಾಡಿದರೂ ಬರೆದುಕೊಳ್ಳುತ್ತದೆ. ಗೂಗಲ್ ಕನ್ನಡಕ್ಕೆ ಧ್ವನಿ ಟೈಪಿಂಗ್ ತಂದದ್ದು ಕೂಡ 2017ರಲ್ಲೇ. ಪ್ರಕಾಶಕರಿಗೆ ನಾಲ್ಕು ಸಾಲಿನ ಟಿಪ್ಪಣಿ ಬರೆಯಬೇಕಾದಾಗ ನಾನು ಟ್ಯಾಬ್ ಎತ್ತಿಕೊಂಡು ಮಾತಾಡುತ್ತೇನೆ, ಆಮೇಲೆ ಅಲ್ಪಪ್ರಾಣ, ಮಹಾಪ್ರಾಣ ಸರಿಮಾಡುತ್ತೇನೆ. ಮಿನಿಯ ಪೆನ್ಸಿಲ್‌ನಲ್ಲಿ ಬರೆದ ಇಂಗ್ಲಿಷನ್ನು ಐಪ್ಯಾಡ್ ಅಚ್ಚಿನ ಅಕ್ಷರ ಮಾಡಿಕೊಡುತ್ತದೆ, ಕನ್ನಡವನ್ನು ಮಾಡುವುದಿಲ್ಲ. ಅಷ್ಟು ಒಳ್ಳೆಯ ಪೆನ್ನು ಕೈಯಲ್ಲಿದ್ದೂ ಕನ್ನಡದ ಬರಹ ಬರೀ ಚಿತ್ರವಾಗಿ ಉಳಿಯುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮನೆಯ ಬಳಕೆಗೂ ಟ್ಯಾಬ್ ಎ9 ಹೆಚ್ಚು ಒಗ್ಗಿದೆ. ಮೆನು, ಸೆಟ್ಟಿಂಗ್ಸ್ ಎಲ್ಲ ಕನ್ನಡಕ್ಕೆ ಬದಲಾಯಿಸಿ ಕೊಟ್ಟಿದ್ದೇನೆ. "ಹಿಂದಕ್ಕೆ", "ಅಳಿಸಿ" ಅಂತ ಓದಿಕೊಂಡು ಅಮ್ಮ ಯಾರನ್ನೂ ಕೇಳದೆ ಬಳಸುತ್ತಾರೆ. ತಂತಿಯ ಇಯರ್‌ಫೋನ್ ಚುಚ್ಚುವ ತೂತು ಇದೆ, ಮಿನಿಯಲ್ಲಿ ಇಲ್ಲ. ಬ್ಲೂಟೂತ್ ಜೋಡಿಸುವುದು, ಅದನ್ನು ಬೇರೆ ಚಾರ್ಜ್ ಮಾಡುವುದು ಅಮ್ಮನಿಗೆ ರಗಳೆ. ತಂತಿ ಚುಚ್ಚಿಕೊಂಡು ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿ ಕೇಳುತ್ತಾರೆ. ಮೆಮೊರಿ ಕಾರ್ಡ್ ಹಾಕಬಹುದು. ಅವರ ಭಜನೆ, ಹರಿಕಥೆ ಎಲ್ಲ ಒಂದೇ ಕಾರ್ಡಿನಲ್ಲಿವೆ. ಇನ್ನೊಂದು ಅನುಕೂಲ: ಒಂದೇ ಟ್ಯಾಬ್‌ನಲ್ಲಿ ಬೇರೆ ಬೇರೆ ಬಳಕೆದಾರರ ಖಾತೆ ಮಾಡಬಹುದು. ಅಕ್ಕನ ಮಗಳು ಬಂದಾಗ ಅವಳ ಖಾತೆ ತೆರೆದುಕೊಳ್ಳುತ್ತಾಳೆ, ಅಮ್ಮನದು ಅಲುಗದೆ ಇರುತ್ತದೆ. ಐಪ್ಯಾಡ್‌ನಲ್ಲಿ ಹೀಗೆ ಹಂಚಿಕೊಳ್ಳುವ ಸೌಲಭ್ಯ ಶಾಲೆ, ಕಚೇರಿಗಳ ಮಟ್ಟಿಗೆ ಇದೆ, ಮನೆಗೆ ಇಲ್ಲ. ನಾಲ್ಕು ಜನ ಒಂದೇ ಟ್ಯಾಬ್ಲೆಟ್ ಬಳಸುವ ನಮ್ಮಂಥ ಮನೆಗಳಿಗೆ ಇದು ದೊಡ್ಡ ಕೊರತೆ.

ವಾಟ್ಸಾಪ್ ಈಗ ಎರಡರಲ್ಲೂ ಇದೆ. ಐಪ್ಯಾಡ್‌ಗೆ ಅದರ ಆ್ಯಪ್ ಬಂದದ್ದು 2025ರ ಮೇ ತಿಂಗಳಲ್ಲಿ, ಅಲ್ಲಿಯವರೆಗೆ ಬ್ರೌಸರ್‌ನಲ್ಲೇ ತೆರೆಯಬೇಕಿತ್ತು. ಯುಪಿಐಗೆ ಇವೆರಡೂ ಬೇಡ, ಅದು ಫೋನಿನ ಕೆಲಸ. ತೂಕದಲ್ಲಿ ಮಿನಿ 293 ಗ್ರಾಂ, ಟ್ಯಾಬ್ 332. ನಲವತ್ತು ಗ್ರಾಂ ಏನು ಮಹಾ ಅನ್ನಿಸಬಹುದು, ಮೈಸೂರು–ಬೆಂಗಳೂರು ರೈಲಿನಲ್ಲಿ ಒಂದೇ ಕೈಯಲ್ಲಿ ಹಿಡಿದು ಓದಿದರೆ ಮಂಡ್ಯ ದಾಟುವಷ್ಟರಲ್ಲಿ ಮಣಿಕಟ್ಟಿಗೆ ಗೊತ್ತಾಗುತ್ತದೆ.

ಫೈಲ್ ಸಾಗಿಸುವುದು ಎರಡರಲ್ಲೂ ಸುಲಭ. ಎರಡಕ್ಕೂ ಯುಎಸ್‌ಬಿ-ಸಿ ಇದೆ, ಪೆನ್‌ಡ್ರೈವ್ ಚುಚ್ಚಿದರೆ ಓದುತ್ತವೆ. ಹಳೆಯ ಪುಸ್ತಕದ ಮರುಮುದ್ರಣದ ಕರಡು ಬಂದಾಗ ನಾನು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುತ್ತೇನೆ: ಹಳೆಯ ಮುದ್ರಣದ ಸ್ಕ್ಯಾನ್ ಟ್ಯಾಬ್‌ನಲ್ಲಿ, ಹೊಸ ಕರಡು ಮಿನಿಯಲ್ಲಿ. ಒಂದೇ ಪರದೆಯನ್ನು ಎರಡು ಭಾಗ ಮಾಡಿ ನೋಡುವ ಸೌಲಭ್ಯ ಎರಡರಲ್ಲೂ ಇದೆ, ಎಂಟು ಇಂಚಿನಲ್ಲಿ ಎರಡು ಪುಟ ಓದುವುದು ಕಣ್ಣಿಗೆ ಶಿಕ್ಷೆ.

ಕೊಳ್ಳುವ ಮುಂಚೆ ನೀವು ದಿನಾ ಓದುವಂಥ ಒಂದು ಕನ್ನಡ ಪಿಡಿಎಫ್ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯವರು ತೋರಿಸುವ ಬಣ್ಣಬಣ್ಣದ ವಿಡಿಯೊ ಬದಲು ಅದನ್ನೇ ತೆರೆಸಿ, ಹಿಗ್ಗಿಸದೆ ಒಂದು ಪುಟ ಓದಿ. ಮಿನಿಯೇ ಬೇಕು ಅನ್ನಿಸಿ ಬೆಲೆ ಹೆಚ್ಚಾಯಿತು ಅನ್ನುವವರು ಹಳೆಯದನ್ನು ಹುಡುಕಬಹುದು. 2019ರ ಐದನೇ ತಲೆಮಾರಿನ ಮಿನಿಗೂ 2025ರ ಆಪರೇಟಿಂಗ್ ಸಿಸ್ಟಮ್ ಐಪ್ಯಾಡ್ಒಎಸ್ 26 ಸಿಕ್ಕಿದೆ. ಅದರ ಪರದೆ 7.9 ಇಂಚು, ಚೂಪು ಅದೇ 326. ಇಯರ್‌ಫೋನ್ ತೂತೂ ಇದೆ. ಚಾರ್ಜಿಂಗ್ ಮಾತ್ರ ಹಳೆಯ ಲೈಟ್ನಿಂಗ್ ತಂತಿಯಲ್ಲಿ, ಪೆನ್ಸಿಲ್ ಮೊದಲ ತಲೆಮಾರಿನದೇ ಆಗಬೇಕು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಕೈಯಲ್ಲಿ ಹಿಡಿದು ನೋಡಿಯೇ ದುಡ್ಡು ಕೊಡಿ.